ಕ್ರೂಸ್ ಬುಕ್ ಮಾಡೋ ಮುಂಚೆ ಡೈಪರ್ ಲೆಕ್ಕ ಹಾಕಿ

ಮಕ್ಕಳ ಜೊತೆ ಕ್ರೂಸ್ ಹೋಗೋರು ಮೊದಲು ಹೋಲಿಸೋದು ಟಿಕೆಟ್ ದರ. ನಾನಾದರೆ ಮೊದಲು ಕೇಳೋದು: ಮಗು ಡೈಪರ್ ಬಿಟ್ಟಿದೆಯಾ?

ರಾಯಲ್ ಕೆರಿಬಿಯನ್‌ನ 'ಅಡ್ವೆಂಚರ್ ಓಶನ್', ಡಿಸ್ನಿಯ 'ಓಶನಿಯರ್ ಕ್ಲಬ್' ಎರಡೂ ಟಿಕೆಟ್‌ನಲ್ಲೇ ಸೇರಿವೆ. ಆದರೆ ಮಗುವಿಗೆ 3 ವರ್ಷ ತುಂಬಿರಬೇಕು, ಡೈಪರ್ ಬಿಟ್ಟಿರಬೇಕು. ಅದಕ್ಕಿಂತ ಚಿಕ್ಕವರಿಗೆ ನರ್ಸರಿ. ಅಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು. ಕಾರ್ನಿವಲ್‌ನ 'ಕ್ಯಾಂಪ್ ಓಶನ್' 2 ವರ್ಷಕ್ಕೇ ಸೇರಿಸಿಕೊಳ್ಳುತ್ತೆ, ಡೈಪರನ್ನೂ ಅವರೇ ಬದಲಿಸ್ತಾರೆ. ಎರಡೂವರೆ ವರ್ಷದ ಮಗುವಿನ ಅಪ್ಪ-ಅಮ್ಮನಿಗೆ ಇದಕ್ಕಿಂತ ದೊಡ್ಡ ಲಕ್ಷುರಿ ಇನ್ನೇನಿದೆ?

ಮಗು ಎಂಟು-ಹತ್ತು ವರ್ಷದ್ದಾದರೆ ಲೆಕ್ಕ ತಿರುಗುತ್ತೆ. 2024ರಲ್ಲಿ ಯಾನ ಶುರು ಮಾಡಿದ 'ಐಕಾನ್ ಆಫ್ ದಿ ಸೀಸ್'ನಲ್ಲಿ 6 ವಾಟರ್ ಸ್ಲೈಡ್‌ಗಳಿವೆ, ಎತ್ತರದ ಮಿತಿ ಉಂಟು. ಪುಟ್ಟ ತಮ್ಮ ಕೆಳಗೆ ನಿಂತು ಅಳಬೇಕಷ್ಟೆ. ಡಿಸ್ನಿ ಸಾಮಾನ್ಯವಾಗಿ ದುಬಾರಿ. ಆದರೆ ಅಲ್ಲಿ ರಾತ್ರಿಯೂಟಕ್ಕೆ ರೆಸ್ಟೋರೆಂಟ್ ಬದಲಾದರೂ ಬಡಿಸುವವರು ನಿಮ್ಮ ಜೊತೆಗೇ ಬರ್ತಾರೆ. ಹಟಮಾರಿ ಮಗು ಏನು ತಿನ್ನುತ್ತೆ ಅನ್ನೋದು ಎರಡನೇ ದಿನಕ್ಕೆ ಅವರಿಗೆ ಗೊತ್ತಿರುತ್ತೆ.

ಎಂಎಸ್‌ಸಿಯ ಎಷ್ಟೋ ಯಾನಗಳಲ್ಲಿ ಹೆತ್ತವರ ಕ್ಯಾಬಿನ್‌ನಲ್ಲೇ ಇರುವ ಮಕ್ಕಳಿಗೆ ಟಿಕೆಟ್ ಇಲ್ಲ. 'ಉಚಿತ' ಅಂದಾಗಲೂ ಬಂದರು ಶುಲ್ಕ, ತೆರಿಗೆ ಕೇಳಿ. ಟಿಪ್ಸ್ ಕೂಡ ಕೇಳಿ: ಹಲವು ಕಂಪನಿಗಳಲ್ಲಿ ಅದು ತಲೆಗಿಷ್ಟು, ದಿನಕ್ಕಿಷ್ಟು. ಮಗುವಿನ ತಲೆಯೂ ತಲೆಯೇ.