ಹೊಸ ನಿರ್ದೇಶಕರ ಕಿವಿಗೆ ಬೀಳುವ ಅರ್ಧಸತ್ಯಗಳು

ಸಿನಿಮಾ ಮಾಡಬೇಕೆಂದು ಹೊರಟ ಹುಡುಗ ಹುಡುಗಿಯರು ಮೊದಲು ಲೆಕ್ಕ ಹಾಕುವುದು ತಮ್ಮಲ್ಲಿ ಏನೇನಿಲ್ಲ ಎಂಬುದನ್ನು. ಕೈಯಲ್ಲಿರುವುದರ ಬೆಲೆಯನ್ನು ಅವರಿಗೆ ಹೇಳಿಕೊಡುವವರು ಕಡಿಮೆ.

ತಪ್ಪು ಕಲ್ಪನೆ: ಹೆಸರಿರುವ ನಟರಿಲ್ಲದೆ ಸಿನಿಮಾ ಆಗದು.

ವಾಸ್ತವ: ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಗರು. 2015ರಲ್ಲಿ ಅದು ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಗೆದ್ದಿತು. ಹಾಗೆಂದು ಊರವರನ್ನು ಕ್ಯಾಮೆರಾ ಮುಂದೆ ನಿಲ್ಲಿಸಿದರೆ ಕೆಲಸ ಮುಗಿಯಲಿಲ್ಲ. ಚಿತ್ರಕಥೆಯಲ್ಲಿ ಕೈಜೋಡಿಸಿದ ಈರೇಗೌಡರಿಗೆ ಆ ಊರಿನ ಮಾತು, ಜಗಳ, ಜಮೀನಿನ ವ್ಯಾಜ್ಯ ಎಲ್ಲವೂ ಗೊತ್ತಿತ್ತು. ಚಿತ್ರಕ್ಕೆ ಬಲ ಬಂದದ್ದು ಅಲ್ಲಿಂದ.

ತಪ್ಪು ಕಲ್ಪನೆ: ಒಳ್ಳೆಯ ಕಥೆಯಿದ್ದರೆ ಜನರೇ ದುಡ್ಡು ಹಾಕುತ್ತಾರೆ, ‘ಲೂಸಿಯಾ’ಕ್ಕೆ ಹಾಕಲಿಲ್ಲವೇ?

ವಾಸ್ತವ: ಹಾಕಿದರು, ನಿಜ. ಆದರೆ 2013ರ ಆ ಚಿತ್ರಕ್ಕೆ ಮುನ್ನ ಅದರ ನಿರ್ದೇಶಕ ಪವನ್ ಕುಮಾರ್ ಯೋಗರಾಜ್ ಭಟ್ಟರ ಜೊತೆ ‘ಮನಸಾರೆ’, ‘ಪಂಚರಂಗಿ’ಗಳ ಬರವಣಿಗೆಯಲ್ಲಿ ಪಳಗಿದ್ದರು. 2011ರಲ್ಲಿ ‘ಲೈಫು ಇಷ್ಟೇನೆ’ ನಿರ್ದೇಶಿಸಿದ್ದರು. ಹಣ ಕೊಟ್ಟವರು ನಂಬಿದ್ದು ಆ ಕೆಲಸವನ್ನು.

ತಪ್ಪು ಕಲ್ಪನೆ: ಓದಿದ್ದು ಬೇರೆಯಾದರೆ ತಡವಾಯಿತು.

ವಾಸ್ತವ: 2024ರ ಕಾನ್ ಚಿತ್ರೋತ್ಸವದಲ್ಲಿ ಚಲನಚಿತ್ರ ವಿದ್ಯಾರ್ಥಿಗಳ ವಿಭಾಗದ ಮೊದಲ ಬಹುಮಾನ ಪಡೆದ ಮೈಸೂರಿನ ಚಿದಾನಂದ ನಾಯ್ಕ್ ಓದಿದ್ದು ವೈದ್ಯಕೀಯ. ಆಮೇಲೆ ಪುಣೆಯ ಚಲನಚಿತ್ರ ಸಂಸ್ಥೆ ಸೇರಿದರು. ಬಹುಮಾನ ತಂದ ಕಿರುಚಿತ್ರ ಹುಟ್ಟಿದ್ದು ಕನ್ನಡದ ಜನಪದ ಕಥೆಯೊಂದರಿಂದ. ನಿರ್ದೇಶಕ ಗಿರೀಶ ಕಾಸರವಳ್ಳಿಯವರೂ ಮೊದಲು ಓದಿದ್ದು ಫಾರ್ಮಸಿ.

ತಪ್ಪು ಕಲ್ಪನೆ: ದುಬಾರಿ ಕ್ಯಾಮೆರಾ ಬೇಕೇ ಬೇಕು.

ವಾಸ್ತವ: ಮೊದಲ ಕಿರುಚಿತ್ರಕ್ಕೆ ಮೊಬೈಲ್ ಸಾಕು. ಉಳಿದ ಹಣವನ್ನು ಒಳ್ಳೆಯ ಮೈಕ್‌ಗೆ ಹಾಕಿ. ಮಾತು ಕೇಳಿಸದ ಚಿತ್ರವನ್ನು ಯಾರೂ ಕೊನೆತನಕ ನೋಡುವುದಿಲ್ಲ.

ತಪ್ಪು ಕಲ್ಪನೆ: ಕಥೆ ಕದ್ದುಬಿಡುತ್ತಾರೆ, ಯಾರಿಗೂ ಹೇಳಬಾರದು.

ವಾಸ್ತವ: ಹೇಳದೆ ನಿರ್ಮಾಪಕರು ಸಿಗುವುದಾದರೂ ಹೇಗೆ? ಭಯಕ್ಕೆ ಕಾರಣವಿಲ್ಲವೆಂದಲ್ಲ, ಆದರೆ ಅದಕ್ಕೆ ಮದ್ದು ಬರವಣಿಗೆ. ಬರಿಯ ಎಳೆಗೆ ಕಾನೂನಿನ ರಕ್ಷಣೆಯಿಲ್ಲ. ಅದನ್ನು ದೃಶ್ಯಗಳಾಗಿ, ಸಂಭಾಷಣೆಯಾಗಿ ಬರೆದಾಗ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿಟ್ಟರೆ ಪುರಾವೆಗೆ ಒದಗುತ್ತದೆ. ಚಿತ್ರಕಥೆಯನ್ನು ಇಮೇಲ್‌ನಲ್ಲೇ ಕಳಿಸಿ, ದಿನಾಂಕ ಉಳಿಯಲಿ.

ಹೊಸಬರು ನಿಜಕ್ಕೂ ಸೋಲುವುದು ಕಳ್ಳತನದಿಂದಲ್ಲ, ಓದದೆ ಹಾಕಿದ ಸಹಿಯಿಂದ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಬಾಯಿಮಾತಿನಲ್ಲಿ ಅದು ನಡೆಯದು. ಪತ್ರದಲ್ಲಿ ಅವಧಿ ಬರೆದಿಲ್ಲವಾದರೆ 5 ವರ್ಷ ಎಂದೇ ಲೆಕ್ಕ. ಪ್ರದೇಶ ಬರೆದಿಲ್ಲವಾದರೆ ಭಾರತಕ್ಕೆ ಮಾತ್ರ. ಒಪ್ಪಂದಗಳಲ್ಲಿ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದು ಸೇರಿಸುವುದು ಈ ಕಾರಣಕ್ಕೇ. ಅಡ್ವಾನ್ಸ್ ಚೆಕ್ ನೋಡಿದ ಸಂಭ್ರಮದಲ್ಲಿ ಆ ಸಾಲನ್ನು ದಾಟಿ ಹೋಗಬೇಡಿ. ರಿಮೇಕ್, ಡಬ್ಬಿಂಗ್, ಒಟಿಟಿ ಹಕ್ಕು ಯಾರಿಗೆ, ಚಿತ್ರ ಸೆಟ್ಟೇರದಿದ್ದರೆ ಕಥೆ ಎಷ್ಟು ವರ್ಷಕ್ಕೆ ನಿಮಗೆ ಮರಳುತ್ತದೆ, ತೆರೆಯ ಮೇಲೆ ಹೆಸರು ಎಲ್ಲಿ ಬರುತ್ತದೆ ಎಂದು ಕೇಳಿ, ಉತ್ತರವನ್ನು ಪತ್ರದಲ್ಲೇ ಬರೆಸಿಕೊಳ್ಳಿ.