ಈ ರಾಗಕ್ಕೆ ಅಂಕಿತ ಯಾರದು?

2014ರ ಫೆಬ್ರುವರಿಯಲ್ಲಿ ಜಪಾನಿನ ಸಂಗೀತಪ್ರಿಯರಿಗೆ ಒಂದು ಆಘಾತ ಕಾದಿತ್ತು. ಮಾಮೊರು ಸಮುರಾಗೊಚಿ ಎಂಬ ಸಂಯೋಜಕರ ಹೆಸರು ಆ ದೇಶದಲ್ಲಿ ಮನೆಮಾತಾಗಿತ್ತು. ಕಿವಿ ಕೇಳಿಸದಿದ್ದರೂ ಸಂಗೀತ ರಚಿಸುತ್ತಾರೆಂದು ಜನ ಅವರನ್ನು ಜಪಾನಿನ ಬೀಥೋವನ್ ಎಂದು ಕೊಂಡಾಡುತ್ತಿದ್ದರು. ಅವರ 'ಹಿರೋಶಿಮಾ' ಸಿಂಫನಿಯ ಸಿ.ಡಿ. ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತು. ಹೀಗಿರುವಾಗ ಟೋಕಿಯೊದ ಸಂಗೀತ ಕಾಲೇಜೊಂದರ ಅರೆಕಾಲಿಕ ಅಧ್ಯಾಪಕ ತಕಾಶಿ ನೀಗಾಕಿ ಪತ್ರಕರ್ತರ ಮುಂದೆ ಬಂದರು. ಹದಿನೆಂಟು ವರ್ಷಗಳಿಂದ ಆ ಹೆಸರಿನಲ್ಲಿ ಸಂಗೀತ ಬರೆದುಕೊಡುತ್ತಿದ್ದವನು ತಾನು ಎಂದು ತಿಳಿಸಿದರು.

ಹಾಗಾದರೆ ಸಮುರಾಗೊಚಿ ಮಾಡುತ್ತಿದ್ದುದೇನು? ಸಂಗೀತ ಎಲ್ಲಿ ಏರಬೇಕು, ಎಲ್ಲಿ ತಗ್ಗಬೇಕು, ಎಲ್ಲಿ ದುಃಖ, ಎಲ್ಲಿ ಪ್ರಾರ್ಥನೆಯ ಭಾವ ಎಂಬುದನ್ನು ಮಾತು ಮತ್ತು ನಕ್ಷೆಗಳ ಮೂಲಕ ಸೂಚಿಸುತ್ತಿದ್ದರು. ಅದನ್ನು ಸ್ವರಗಳಿಗೆ ಇಳಿಸುವ ಕೆಲಸ ನೀಗಾಕಿಯವರದು. ಸತ್ಯ ಹೊರಬಿದ್ದ ಮೇಲೆ ಸಿಂಫನಿಯ ಒಂದು ಸ್ವರವೂ ಬದಲಾಗಲಿಲ್ಲ. ಆದರೂ ರೆಕಾರ್ಡ್ ಕಂಪನಿ ಮಾರಾಟ ನಿಲ್ಲಿಸಿತು. ಕೇಳಿ ಕಣ್ಣೀರು ಹಾಕಿದವರಿಗೆ ಮೋಸಹೋದ ಅನುಭವವಾಯಿತು. ಸಂಗೀತ ಚೆನ್ನಾಗಿಯೇ ಇತ್ತಲ್ಲ, ಮೋಸ ಎಲ್ಲಿಂದ ಬಂತು?

ಈ ಪ್ರಶ್ನೆ ಈಗ ಜಪಾನಿನದಷ್ಟೇ ಅಲ್ಲ. ಅಂಥ 'ಬರೆದುಕೊಡುವವನು' ಈಗ ಪ್ರತಿ ಮೊಬೈಲಿನಲ್ಲೂ ಕುಳಿತಿದ್ದಾನೆ. ಹಣ ಕೇಳುವುದಿಲ್ಲ, ಇಲ್ಲವೇ ತಿಂಗಳಿಗೆ ಅಲ್ಪಸ್ವಲ್ಪ ಕೇಳುತ್ತಾನೆ. ಹದಿನೆಂಟು ವರ್ಷ ಕಳೆದರೂ ಪತ್ರಕರ್ತರ ಮುಂದೆ ಬಾಯಿ ಬಿಡುವುದಿಲ್ಲ. ಅವನೇ ಕೃತಕ ಬುದ್ಧಿಮತ್ತೆ.

ಯಂತ್ರ ಹಾಡು ಕಟ್ಟುವ ಬಗೆ

ಅಮೆರಿಕದ 'ಸುನೋ' ಎಂಬ ಸೇವೆ 2023ರ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೆ ವ್ಯಾಪಕವಾಗಿ ದೊರೆಯತೊಡಗಿತು. 'ಯುಡಿಯೋ' ಬಂದದ್ದು 2024ರ ಏಪ್ರಿಲ್‌ನಲ್ಲಿ. ಹಾಡು ಹೇಗಿರಬೇಕೆಂದು ನಾಲ್ಕು ಮಾತು ಬರೆದರೆ ಸಾಕು. ಸಾಹಿತ್ಯ, ರಾಗ, ವಾದ್ಯ, ಕಂಠ ಎಲ್ಲವೂ ಒಂದೆರಡು ನಿಮಿಷದಲ್ಲಿ ಸಿದ್ಧವಾಗುತ್ತದೆ.

ಇದರ ತತ್ವ ಸ್ಥೂಲವಾಗಿ ಹೀಗಿದೆ. ಮೊದಲು ಯಂತ್ರಕ್ಕೆ ಅಪಾರ ಸಂಖ್ಯೆಯ ಧ್ವನಿಮುದ್ರಣಗಳನ್ನು ಉಣಿಸುತ್ತಾರೆ. ಯಂತ್ರ ಅದನ್ನು ಅಂಕಿಗಳನ್ನಾಗಿ ಮಾಡಿಕೊಂಡು, ಯಾವ ನಾದದ ಜೊತೆಗೆ ಮತ್ತು ಯಾವ ನಾದದ ನಂತರ ಯಾವುದು ಬರುವ ಸಂಭವ ಹೆಚ್ಚು ಎಂಬ ಲೆಕ್ಕವನ್ನು ಕಲಿಯುತ್ತದೆ. ಆಮೇಲೆ ನೀವು 'ಮಳೆಗಾಲದ ಸಂಜೆ, ಕೊಳಲು, ನಿಧಾನಗತಿ' ಎಂದು ಬರೆದರೆ, ಅಂಥ ಮಾತುಗಳಿಗೆ ಹೊಂದುವ ನಾದವನ್ನು ಆ ಲೆಕ್ಕದ ಆಧಾರದಲ್ಲಿ ಹೊಸೆಯುತ್ತದೆ. ಹಾಡು ಹೊಸದು ನಿಜ. ಆದರೆ ಅದರ ಹಿಂದೆ ಹೆಸರಿಲ್ಲದ ಸಾವಿರಾರು ಸಂಗೀತಗಾರರ ದುಡಿಮೆ ಇದೆ. ಈ ಕಾರಣಕ್ಕೇ 2024ರ ಜೂನ್‌ನಲ್ಲಿ ದೊಡ್ಡ ಧ್ವನಿಮುದ್ರಣ ಕಂಪನಿಗಳು ಈ ಎರಡೂ ಸೇವೆಗಳ ಮೇಲೆ ಅಮೆರಿಕದಲ್ಲಿ ಮೊಕದ್ದಮೆ ಹೂಡಿದವು. ಅವುಗಳಲ್ಲಿ ಕೆಲವು 2025ರ ಕೊನೆಯ ತಿಂಗಳುಗಳಲ್ಲಿ ರಾಜಿಯಾದವು.

ಹವ್ಯಾಸಿಗಳ ಬಂಡವಾಳ

ಕಂಪನಿಗಳ ಜಗಳ ಕೋರ್ಟಿನಲ್ಲಿ ನಡೆಯಲಿ. ನಮ್ಮ ಚಿಂತೆ ಬೇರೆ. ಕಾಲೇಜಿನ ಸಂಗೀತ ಸಂಘ, ಸುಗಮ ಸಂಗೀತದ ಬಳಗ, ಕೀಬೋರ್ಡ್ ತರಗತಿಯ ಗೆಳೆಯರ ಗುಂಪು, ಅಂತರ ಕಾಲೇಜು ಸ್ಪರ್ಧೆ ಇಂಥ ಕಡೆಗಳಲ್ಲಿ ಹವ್ಯಾಸಿಗಳು ತಮ್ಮ ಹೊಸ ರಾಗಸಂಯೋಜನೆಯನ್ನು ನಾಲ್ಕು ಜನರ ಮುಂದಿಡುತ್ತಾರೆ. ಇಲ್ಲಿ ಸಂಬಳವಿಲ್ಲ, ಸಂಭಾವನೆಯಿಲ್ಲ. ಕೇಳುವವರು ತಮ್ಮ ಸಮಯ ಕೊಡುತ್ತಾರೆ, ಗಮನ ಕೊಡುತ್ತಾರೆ, ತಿಳಿದಷ್ಟು ಸಲಹೆ ಕೊಡುತ್ತಾರೆ. ಇಡೀ ವ್ಯವಹಾರ ನಿಂತಿರುವುದು 'ಇದು ನಾನು ಮಾಡಿದ್ದು' ಎಂಬ ಒಂದು ಮಾತಿನ ಮೇಲೆ.

ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ಕವನಕ್ಕೆ ಮೋಹನ ರಾಗದಲ್ಲಿ ಧಾಟಿ ಹಾಕಿದಳು ಎಂದಿಟ್ಟುಕೊಳ್ಳಿ. ಹಾರ್ಮೋನಿಯಂ ಮುಂದೆ ಮೂರು ವಾರ ಕುಳಿತು ಪಲ್ಲವಿ ಮತ್ತು ಒಂದು ಚರಣ ಮುಗಿಸಿದ್ದಾಳೆ. ಚರಣದಲ್ಲಿ ಒಂದು ಪದ ತಾಳಕ್ಕೆ ಸಿಕ್ಕಿ ಎರಡು ತುಂಡಾಗುತ್ತಿದೆ. ಬಳಗದ ಹಿರಿಯರು, 'ನೋಡಮ್ಮ, ಇಲ್ಲಿ ಪದ ಒಡೆಯುತ್ತಿದೆ, ಎಡುಪು ಅರ್ಧ ಮಾತ್ರೆ ಮುಂದೆ ತಗೊ' ಎನ್ನುತ್ತಾರೆ. ಅವಳು ಮನೆಗೆ ಹೋಗಿ ಹಾಗೆಯೇ ಹಾಡಿ ನೋಡುತ್ತಾಳೆ. ಪದ ಕೂಡಿಕೊಳ್ಳುತ್ತದೆ. ಆ ಒಂದು ಮಾತು ಅವಳ ಮುಂದಿನ ಹತ್ತು ಹಾಡಿಗೆ ದಾರಿ.

ಅದೇ ದಿನ ಹುಡುಗನೊಬ್ಬ ಯಂತ್ರ ಕಟ್ಟಿಕೊಟ್ಟ ಹಾಡನ್ನು ತನ್ನದೆಂದು ಹಾಡುತ್ತಾನೆ. ಹಿರಿಯರು ಅವನಿಗೂ ಒಂದು ಸಲಹೆ ಕೊಡುತ್ತಾರೆ. ಅವನೇನು ಮಾಡಬಲ್ಲ? ಆ ಸ್ವರ ಅಲ್ಲಿಗೆ ಏಕೆ ಬಂತೆಂಬುದು ಅವನಿಗೇ ಗೊತ್ತಿಲ್ಲ. ಮತ್ತೆ ಯಂತ್ರಕ್ಕೆ ಹೇಳಿದರೆ ಅದು ಮತ್ತೊಂದು ಹಾಡನ್ನೇ ಕೊಟ್ಟೀತು. ಹಿರಿಯರ ಮಾತು ವಿಳಾಸ ತಪ್ಪಿದ ಕಾಗದದಂತೆ ಯಾರಿಗೂ ಸೇರದೆ ಹೋಯಿತು.

ಇನ್ನೂ ದೊಡ್ಡ ನಷ್ಟ ಅಲ್ಲೇ ಮೂಲೆಯಲ್ಲಿ ಕುಳಿತ ಆ ಹುಡುಗಿಯದು. ಹುಡುಗನ ಹಾಡಿನಲ್ಲಿ ವಯೊಲಿನ್ ಸಾಲುಗಳಿವೆ, ನುಣುಪಾದ ತಿರುವುಗಳಿವೆ. 'ಎರಡು ದಿನದಲ್ಲಿ ಮಾಡಿದೆ' ಎಂದು ಅವನು ಹೇಳುವುದನ್ನು ಅವಳು ನಂಬುತ್ತಾಳೆ. ತನ್ನ ಮೂರು ವಾರಗಳನ್ನು ಅದರ ಪಕ್ಕ ಇಟ್ಟು, ಈ ವಿದ್ಯೆ ತನಗೆ ಬಂದದ್ದಲ್ಲ ಎಂದು ತೀರ್ಮಾನಿಸಿದರೆ ಆಶ್ಚರ್ಯವೇನು? ಸುಳ್ಳಿಗೆ ಬೆಲೆ ತೆತ್ತವಳು ಸುಳ್ಳು ಹೇಳದವಳು.

ಹೇಳಿಕೊಂಡವರು ಸಣ್ಣವರಾಗಲಿಲ್ಲ

ಯಂತ್ರ ಬಳಸುವುದೇ ತಪ್ಪೆಂದು ಇದರ ಅರ್ಥವಲ್ಲ. ಕಂಪ್ಯೂಟರಿನಿಂದ ಸಂಗೀತ ರಚಿಸುವ ಪ್ರಯತ್ನಕ್ಕೆ ಸುಮಾರು ಎಪ್ಪತ್ತು ವರ್ಷಗಳ ಇತಿಹಾಸವಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಲೆಜರೆನ್ ಹಿಲ್ಲರ್ ಮತ್ತು ಲಿಯೊನಾರ್ಡ್ ಐಸಾಕ್ಸನ್ ಎಂಬ ಇಬ್ಬರು ಅಲ್ಲಿನ 'ಇಲಿಯಾಕ್' ಕಂಪ್ಯೂಟರ್ ಬಳಸಿ ನಾಲ್ಕು ತಂತಿವಾದ್ಯಗಳಿಗೆ ಒಂದು ಕೃತಿ ರಚಿಸಿದರು. 1957ರ ಆ ಕೃತಿಗೆ ಅವರಿಟ್ಟ ಹೆಸರೇ 'ಇಲಿಯಾಕ್ ಸೂಟ್'. ಯಂತ್ರದ ಹೆಸರು ತಲೆಬರಹದಲ್ಲೇ ಇತ್ತು. ಅದರ ನಾಲ್ಕು ಭಾಗಗಳನ್ನು ಅವರು ಕರೆದದ್ದು 'ಪ್ರಯೋಗ' ಎಂದು. ಮಾಡಿದ ವಿಧಾನವನ್ನೆಲ್ಲ ವಿವರಿಸಿ 1959ರಲ್ಲಿ ಪುಸ್ತಕವನ್ನೂ ಪ್ರಕಟಿಸಿದರು.

ಡೇವಿಡ್ ಕೋಪ್ ಎಂಬ ಸಂಯೋಜಕರು ಹಳೆಯ ಸಂಗೀತಗಾರರ ಶೈಲಿಯಲ್ಲಿ ರಚಿಸಬಲ್ಲ ಕಂಪ್ಯೂಟರ್ ಪ್ರೋಗ್ರಾಮ್ ಬರೆದಿದ್ದರು. 1997ರಲ್ಲಿ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಶ್ರೋತೃಗಳ ಮುಂದೆ ಮೂರು ತುಣುಕು ನುಡಿಸಲಾಯಿತು. ಒಂದು ಬಾಖ್ ಬರೆದದ್ದು, ಒಂದು ಪ್ರಾಧ್ಯಾಪಕ ಸ್ಟೀವ್ ಲಾರ್ಸನ್ ಬರೆದದ್ದು, ಮತ್ತೊಂದು ಯಂತ್ರದ್ದು. ಸಭೆ ಯಂತ್ರದ ತುಣುಕನ್ನು ಬಾಖ್ ಎಂದುಕೊಂಡಿತು. ಪ್ರಾಧ್ಯಾಪಕರದನ್ನು ಯಂತ್ರದ್ದು ಎಂದಿತು! ಪರೀಕ್ಷೆಯ ಷರತ್ತು ಮೊದಲೇ ಎಲ್ಲರಿಗೂ ತಿಳಿದಿದ್ದರಿಂದ ಅಲ್ಲಿ ಚರ್ಚೆ ನಡೆಯಿತೇ ಹೊರತು ಮೋಸ ನಡೆಯಲಿಲ್ಲ.

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ, 2024ರಲ್ಲಿ ಎ.ಆರ್. ರೆಹಮಾನ್ 'ಲಾಲ್ ಸಲಾಂ' ತಮಿಳು ಚಿತ್ರದ ಒಂದು ಹಾಡಿನಲ್ಲಿ, ತೀರಿಕೊಂಡಿದ್ದ ಇಬ್ಬರು ಗಾಯಕರ ಕಂಠವನ್ನು ಕೃತಕ ಬುದ್ಧಿಮತ್ತೆಯಿಂದ ಮರುಸೃಷ್ಟಿಸಿದರು. ಹಾಗೆ ಮಾಡಿದ್ದನ್ನೂ, ಎರಡೂ ಕುಟುಂಬಗಳ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟದ್ದನ್ನೂ ಅವರೇ ಬಹಿರಂಗಪಡಿಸಿದರು. ಸರಿಯೋ ತಪ್ಪೋ ಎಂದು ಜನ ವಾದಿಸಿದರು. ಆದರೆ ಮುಚ್ಚಿಟ್ಟರೆಂದು ಯಾರೂ ಹೇಳುವಂತಿರಲಿಲ್ಲ.

ಇದಕ್ಕೆ ವಿರುದ್ಧವಾದದ್ದು 2025ರ ಬೇಸಗೆಯಲ್ಲಿ ಇಂಟರ್‌ನೆಟ್ಟಿನಲ್ಲಿ ಕಾಣಿಸಿಕೊಂಡ 'ವೆಲ್ವೆಟ್ ಸನ್‌ಡೌನ್' ಎಂಬ ವಾದ್ಯವೃಂದ. ತಿಂಗಳೊಪ್ಪತ್ತಿನಲ್ಲಿ ಹತ್ತು ಲಕ್ಷ ಕೇಳುಗರು ಸಿಕ್ಕಿದರು. ಆದರೆ ವೃಂದದ ಸದಸ್ಯರನ್ನು ಕಂಡವರೇ ಇಲ್ಲ. ಮೊದಲು ಅಲ್ಲಗಳೆದು, ಕೊನೆಗೆ ಅದು ಕೃತಕ ಬುದ್ಧಿಮತ್ತೆಯ ನೆರವಿನಿಂದ ಮಾಡಿದ್ದೆಂದು ಒಪ್ಪಿಕೊಳ್ಳಬೇಕಾಯಿತು. ಆಮೇಲೆ ಜನ ಮಾತನಾಡಿದ್ದು ಹಾಡಿನ ಬಗ್ಗೆ ಅಲ್ಲ.

ಧಾತು ಒಬ್ಬರದು, ಮಾತು ಒಬ್ಬರದು

ಹಾಡಿನಲ್ಲಿ ಯಾರ ಪಾಲು ಎಷ್ಟೆಂದು ಲೆಕ್ಕ ಇಡುವುದು ನಮ್ಮ ಸಂಗೀತಕ್ಕೆ ಹೊಸದಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು 'ಸಂಗೀತ ರತ್ನಾಕರ'ದಲ್ಲಿ ಈ ವಿಂಗಡಣೆ ಮಾಡಿದ್ದಾನೆ. ಹಾಡಿನ ಸಾಹಿತ್ಯ 'ಮಾತು', ಅದರ ಸ್ವರರೂಪ 'ಧಾತು'. ಎರಡನ್ನೂ ತಾನೇ ರಚಿಸುವವನು ವಾಗ್ಗೇಯಕಾರ. ಬೇರೆಯವರ ಧಾತುವಿಗೆ ತನ್ನ ಮಾತನ್ನು ಕೂಡಿಸುವವನಿಗೂ ಒಂದು ಹೆಸರಿದೆ, ಅವನು 'ಕುಟ್ಟಿಕಾರ'. ಅವನನ್ನು ಸಭೆಯಿಂದ ಹೊರಗೆ ಹಾಕಲಿಲ್ಲ. ಇಂಥವನೆಂದು ಗುರುತಿಸಿದರು, ಅಷ್ಟೆ.

ದಾಸರ ಪದಗಳ ಕೊನೆಯಲ್ಲಿ ಬರುವ ಅಂಕಿತವೂ ಒಂದು ಬಗೆಯ ರುಜುವೇ. 'ಪುರಂದರವಿಠಲ' ಎಂದರೆ ಯಾರ ರಚನೆಯೆಂದು ಕೇಳಬೇಕಾಗಿಲ್ಲ. ಭಾವಗೀತೆಗಳ ಕ್ಯಾಸೆಟ್ ಬಂದಾಗಲೂ ಈ ಶಿಸ್ತು ಮುಂದುವರಿಯಿತು. ನಿಸಾರ್ ಅಹಮದ್ ಅವರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ 'ನಿತ್ಯೋತ್ಸವ' 1978ರಲ್ಲಿ ಹೊರಬಂದಾಗ ಕವಿ ಯಾರು, ಸಂಯೋಜಕರು ಯಾರು ಎಂಬುದರಲ್ಲಿ ಗೊಂದಲವಿರಲಿಲ್ಲ. ಎರಡು ಹೆಸರಿದ್ದುದರಿಂದ ಇಬ್ಬರ ಗೌರವವೂ ಹೆಚ್ಚಿತು. ಸಮುರಾಗೊಚಿ ಮತ್ತು ನೀಗಾಕಿ ಎಂಬ ಎರಡು ಹೆಸರು ಸಿ.ಡಿ. ಮೇಲೆ ಅಚ್ಚಾಗಿದ್ದರೆ ಜಪಾನಿನಲ್ಲಿ ಹಗರಣವೇ ಆಗುತ್ತಿರಲಿಲ್ಲ.

ಗೆರೆ ಎಳೆಯುವುದೆಲ್ಲಿ?

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. 'ನಾನು ಯೋಚನೆ ಕೊಟ್ಟೆ, ಯಂತ್ರ ಕೊಟ್ಟ ಇಪ್ಪತ್ತು ಹಾಡುಗಳಲ್ಲಿ ಒಂದನ್ನು ಆರಿಸಿದೆ, ಅದೂ ಕೆಲಸವಲ್ಲವೆ?' ಎಂದು ವಿದ್ಯಾರ್ಥಿ ಕೇಳಬಹುದು. ಕಾನೂನನ್ನೂ ಮುಂದಿಡಬಹುದು. ಕಂಪ್ಯೂಟರ್ ಮೂಲಕ ಹುಟ್ಟಿದ ಸಂಗೀತ ಕೃತಿಗೆ, ಅದು ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃ ಎಂದು 1994ರ ತಿದ್ದುಪಡಿಯ ನಂತರದ ನಮ್ಮ ಕೃತಿಸ್ವಾಮ್ಯ ಕಾಯಿದೆ ಹೇಳುತ್ತದೆ. ಆದರೆ ಕಾಯಿದೆ ಹೇಳುವುದು ಒಡೆತನದ ಮಾತು. ಬಳಗದ ಮುಂದೆ ಬೇಕಾದದ್ದು ನಡೆದದ್ದರ ಮಾತು. ಆರಿಸುವುದೂ ಕೆಲಸವೇ. ಹಾಗಾದರೆ 'ಆರಿಸಿದೆ' ಎಂದೇ ಹೇಳಬೇಕು, 'ರಚಿಸಿದೆ' ಎಂದಲ್ಲ.

ಹಾಗೆಂದು ವಿದ್ಯುತ್ ಶ್ರುತಿಪೆಟ್ಟಿಗೆ ಬಳಸಿದ್ದನ್ನೆಲ್ಲ ಹೇಳಿಕೊಳ್ಳಬೇಕೆ? ಬೇಡ. ಒಂದು ಸುಲಭ ಪರೀಕ್ಷೆ ಇದೆ. ಕೇಳಿದವರು ಯಾವುದನ್ನು ಮೆಚ್ಚಿ 'ಭೇಷ್' ಎನ್ನುತ್ತಾರೋ ಅದನ್ನು ಮಾಡಿದ್ದು ಯಾರು? ಶ್ರುತಿಪೆಟ್ಟಿಗೆಯ ಷಡ್ಜಕ್ಕೆ ಯಾರೂ ನಿಮ್ಮನ್ನು ಹೊಗಳುವುದಿಲ್ಲ. ಹಾಡಿನ ಧಾಟಿಗೆ ಹೊಗಳುತ್ತಾರೆ, ವಾದ್ಯ ಜೋಡಣೆಗೆ ಹೊಗಳುತ್ತಾರೆ, ಕಂಠಕ್ಕೆ ಹೊಗಳುತ್ತಾರೆ. ಇವುಗಳಲ್ಲಿ ಯಾವುದು ಯಂತ್ರದ್ದೋ ಅದನ್ನು ಹೇಳಬೇಕು, ಅದೂ ಹೊಗಳಿಕೆ ಬರುವ ಮೊದಲೇ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಗೊತ್ತಿರುವ ಪಾಠ. ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ ಒಬ್ಬನಿಗೆ 9.7 ಬಂತು. ಇನ್ನೊಬ್ಬ ಗೈಡು ನೋಡಿ 9.8 ಎಂದು ಬರೆದ. ಮೊದಲನೆಯವನ ದಾಖಲೆ ಪುಸ್ತಕ ನೋಡಿದ ಅಧ್ಯಾಪಕರು, 'ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆದೆಯೋ, ಕೊಕ್ಕೆಯವರೆಗೆ ಮಾತ್ರವೋ?' ಎಂದು ಕೇಳಬಹುದು. ಒಂದು ಮೀಟರ್ ಉದ್ದದಲ್ಲಿ ಒಂದು ಸೆಂಟಿಮೀಟರ್ ಬಿಟ್ಟುಹೋದರೆ ಉತ್ತರ ಅಷ್ಟೇ ಕಡಿಮೆಯಾಗುತ್ತದೆ. ಅವನು ಅಳೆಯುವುದನ್ನು ಕಲಿತ. ಎರಡನೆಯವನಿಗೆ ಏನು ಕೇಳುವುದು? ಅವನ ಉತ್ತರ ಸರಿಯಾಗಿಯೇ ಇದೆ!

ಆದ್ದರಿಂದ ಪ್ರತಿ ರಾಗಸಂಯೋಜನೆಯ ಕೆಳಗೂ ದಾಖಲೆ ಪುಸ್ತಕದಂತೆ ಮೂರು ಸಾಲು ಬರೆಯುವ ಅಭ್ಯಾಸ ಒಳ್ಳೆಯದು. ಸಾಹಿತ್ಯ ಯಾರದು, ಧಾಟಿ ಹೇಗೆ ಬಂತು, ವಾದ್ಯ ಮತ್ತು ಧ್ವನಿಯಲ್ಲಿ ಯಂತ್ರದ ಪಾಲೆಷ್ಟು. 'ಪಲ್ಲವಿ ನನ್ನದು. ಚರಣಕ್ಕೆ ಯಂತ್ರ ಕೊಟ್ಟ ಆರರಲ್ಲಿ ಒಂದನ್ನು ತೆಗೆದುಕೊಂಡು ಕೊನೆಯ ಸಾಲು ಬದಲಿಸಿದ್ದೇನೆ' ಎಂದು ಬರೆದರೆ ನಾಚಿಕೆಪಡುವಂಥದ್ದೇನಿದೆ? 2020ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಆರಂಭವಾದ ಕೃತಕ ಬುದ್ಧಿಮತ್ತೆಯ ಹಾಡಿನ ಸ್ಪರ್ಧೆಯಲ್ಲಿ ತಂಡಗಳು ಹಾಡಿನ ಜೊತೆಗೆ ಅದನ್ನು ಮಾಡಿದ ಬಗೆಯ ವಿವರವನ್ನೂ ಕೊಟ್ಟಿದ್ದವು.

ಹೇಳಿದವರನ್ನು ಶಿಕ್ಷಿಸಬೇಡಿ

ಕೊನೆಯದಾಗಿ ಹೆತ್ತವರಿಗೆ ಮತ್ತು ಸಂಘಟಕರಿಗೆ ಒಂದು ಮಾತು. ಮಕ್ಕಳು ಮುಚ್ಚಿಡಲು ಮುಖ್ಯ ಕಾರಣ ಕೆಟ್ಟತನವಲ್ಲ, ಭಯ. 'ಬಹುಮಾನ ಬಂತೆ?' ಎಂದು ಮೊದಲು ಕೇಳುವ ಮನೆಯಲ್ಲಿ ಯಂತ್ರದ ಮಾತು ಹೊರಗೆ ಬರುವುದಿಲ್ಲ. 'ಇದನ್ನು ಹೇಗೆ ಮಾಡಿದೆ ಮಗು, ಮೊದಲು ಹೊಳೆದದ್ದು ಯಾವ ಸಾಲು?' ಎಂದು ಕೇಳಿ ನೋಡಿ. ಸ್ವತಃ ಮಾಡಿದ ಮಗು ಗಂಟೆಗಟ್ಟಲೆ ಹೇಳುತ್ತದೆ. ಸ್ಪರ್ಧೆ ನಡೆಸುವವರು ಯಂತ್ರದ ನೆರವು ಪಡೆದ ರಚನೆಗಳಿಗೆ ಬೇರೆ ವಿಭಾಗ ಇಡಬಹುದು. ನಿಜ ಹೇಳಿದವರನ್ನು ಅನರ್ಹಗೊಳಿಸಿ, ಹೇಳದವರಿಗೆ ಕಪ್ಪು ಕೊಟ್ಟರೆ ಮುಂದಿನ ವರ್ಷ ಯಾರೂ ಹೇಳುವುದಿಲ್ಲ.

ಹಾಗೆಯೇ, ಒಳ್ಳೆಯ ಹಾಡು ಕೇಳಿದೊಡನೆ 'ಇದು ಮೊಬೈಲಿನದು' ಎಂದು ಮಗುವಿನ ಮೇಲೆ ಆರೋಪ ಹೊರಿಸುವುದೂ ಅನ್ಯಾಯ. ಆರೆಗಾನ್‌ನ ಸಭೆ ಮನುಷ್ಯ ಬರೆದದ್ದನ್ನೇ ಯಂತ್ರದ್ದು ಎಂದಿತ್ತಲ್ಲ! ಅನುಮಾನವಿದ್ದರೆ ಹಾರ್ಮೋನಿಯಂ ಮುಂದೆ ಕೂರಿಸಿ, ಒಂದು ಸಾಲನ್ನು ಬೇರೆ ರೀತಿ ಹಾಡಿ ತೋರಿಸಲು ಹೇಳಿ. ತನ್ನ ಹಾಡನ್ನು ತಿದ್ದಬಲ್ಲವನಿಗೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಮತ್ತೊಬ್ಬರ ಧಾತುವಿಗೆ ಮಾತು ಕೂಡಿಸುವವನಿಗೆ ಶಾರ್ಙ್ಗದೇವ ಒಂದು ಹೆಸರು ಕೊಟ್ಟ. ಯಂತ್ರದ ಧಾತುವಿಗೆ ಮಾತು ಕೂಡಿಸುವವನಿಗೆ ಕನ್ನಡದಲ್ಲಿ ಇನ್ನೂ ಅಂಥದೊಂದು ಪದ ನೆಲೆಗೊಂಡಿಲ್ಲ. ಅದು ಸಿಗುವವರೆಗೆ, ಹಾಡಿನ ಕೆಳಗೆ ಒಂದು ಸಾಲು ಹೆಚ್ಚಿಗೆ ಬರೆದರಾಯಿತು.