ಪ್ರಯೋಗಶಾಲೆಯ ಮಾಂಸವೂ ಹಿಟ್ಟಿನ ಕೋಳಿಯೂ

ರಾಜಾಜಿನಗರದ ಯಾವುದಾದರೊಂದು ದಿನಸಿ ಅಂಗಡಿಗೆ ಹೋಗಿ, ಕಟ್ಟಿಟ್ಟ ತಿನಿಸಿನ ಪೊಟ್ಟಣವೊಂದನ್ನು ಕೈಗೆತ್ತಿಕೊಳ್ಳಿರಿ. ಅದರ ಮೂಲೆಯಲ್ಲಿ ಒಂದು ಸಣ್ಣ ಚೌಕವು ಕಾಣುವುದು. ಚೌಕದೊಳಗೆ ಹಸುರು ಬೊಟ್ಟಿದ್ದರೆ ಅದು ಸಸ್ಯಾಹಾರ. ಕಂದು ಬಣ್ಣದ ತ್ರಿಕೋನವಿದ್ದರೆ ಮಾಂಸಾಹಾರ. ಈಚೆಗೆ ಇವೆರಡರ ಜೊತೆಗೆ ಮೂರನೆಯದೊಂದು ಗುರುತು ಬಂದಿದೆ. ಅದು ಇಂಗ್ಲಿಷಿನ ‘ವಿ’ ಅಕ್ಷರ, ಅದಕ್ಕೊಂದು ಚಿಗುರು. ಇದು ವೀಗನ್ ಆಹಾರದ ಗುರುತು. ಯಾವ ಪ್ರಾಣಿಯನ್ನೂ ಕೊಲ್ಲದೆ, ಪ್ರಯೋಗಶಾಲೆಯ ತೊಟ್ಟಿಯಲ್ಲಿ ಬೆಳೆಸಿದ ಕೋಳಿಮಾಂಸವು ನಾಳೆ ಇದೇ ಅಂಗಡಿಗೆ ಬಂದಿತೆನ್ನೋಣ. ಅದರ ಮೇಲೆ ಈ ಮೂರರಲ್ಲಿ ಯಾವ ಗುರುತನ್ನು ಒತ್ತಬೇಕು? ಮಾಂಸವೆಂಬುದರಲ್ಲಿ ಸಂದೇಹವಿಲ್ಲ, ಆದರೆ ಕೊಲೆಯಿಲ್ಲ. ಕೊಲೆಯಿಲ್ಲದ ಮೇಲೆ ಪ್ರಾಣಿದಯೆಯುಳ್ಳವರಿಗೆ ಅದರಿಂದೇನು ಆಕ್ಷೇಪಣೆ?

ಮೊದಲಿಗೆ ವೀಗನ್ ಎಂಬ ಪದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಕೆಲವು ಗೆಳೆಯರು ಬಳಕೆಗೆ ತಂದ ಪದವಿದು. ನಮ್ಮಲ್ಲಿ ಸಸ್ಯಾಹಾರಿ ಎಂದರೆ ಹಾಲು, ಮೊಸರು, ತುಪ್ಪಗಳನ್ನು ಧಾರಾಳವಾಗಿ ಬಳಸುವವನೆಂದೇ ಅರ್ಥ. ವೀಗನ್ನನು ಇವನ್ನೂ ಬಿಡುವನು, ಜೇನನ್ನೂ ಬಿಡುವನು. ಅಷ್ಟೇ ಅಲ್ಲ. ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಸಾಗಿದರೆ ರಾಮನಗರದ ಪ್ರಸಿದ್ಧವಾದ ರೇಷ್ಮೆಗೂಡಿನ ಮಾರುಕಟ್ಟೆ ಸಿಕ್ಕುವುದಷ್ಟೆ. ಅಲ್ಲಿ ಮಾರಾಟವಾಗುವ ಗೂಡುಗಳೊಳಗಿನ ಹುಳು ನೂಲು ತೆಗೆಯುವ ಮೊದಲೇ ಬಿಸಿಗೆ ಸಾಯುವುದು. ನಮ್ಮ ಅಜ್ಜಿಯರು ಮಡಿಗೆಂದು ಉಡುವ ರೇಷ್ಮೆಯ ಬಟ್ಟೆಯು ವೀಗನ್ನನಿಗೆ ವರ್ಜ್ಯ. ಇದರಿಂದ ತಿಳಿಯುವುದೇನು? ಅವನು ವಸ್ತುವಿನ ಜಾತಿಯನ್ನು ಕೇಳುವುದಿಲ್ಲ. ಅದು ತಯಾರಾಗುವಾಗ ಯಾವುದಾದರೊಂದು ಪ್ರಾಣಿಗೆ ಏನಾಯಿತು ಎಂದು ಕೇಳುತ್ತಾನೆ. ಆದುದರಿಂದ ಮಾಂಸದ ತುಣುಕನ್ನು ತಟ್ಟೆಯಲ್ಲಿಟ್ಟು ನೋಡಿದರೆ ನಮ್ಮ ಪ್ರಶ್ನೆಗೆ ಉತ್ತರ ದೊರೆಯದು. ಅದು ಬೆಳೆದ ತೊಟ್ಟಿಯೊಳಗೇ ಇಳಿದು ನೋಡಬೇಕು.

ಸ್ನಾಯುವಿನ ಎಳೆಗಳ ಮಗ್ಗುಲಲ್ಲಿ ಒಂದು ಬಗೆಯ ಜೀವಕೋಶಗಳು ನಿದ್ರಿಸುತ್ತಿರುವುವು. ಸ್ನಾಯುವಿಗೆ ಪೆಟ್ಟು ತಗುಲಿದಾಗ ಇವು ಎಚ್ಚೆತ್ತು, ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಗಾಯವನ್ನು ತುಂಬುವುವು. ಜೀವಂತ ಹಸುವಿನ ತೊಡೆಯಿಂದ ಸೂಜಿಯಲ್ಲಿ ಚೂರು ಮಾಂಸವನ್ನು ತೆಗೆದು, ಅದರಿಂದ ಈ ಕೋಶಗಳನ್ನು ಬೇರ್ಪಡಿಸಿ, ಸಕ್ಕರೆ, ಲವಣ, ಅಮೈನೋ ಆಮ್ಲ, ಜೀವಸತ್ತ್ವಗಳು ಕರಗಿರುವ ಪೋಷಕ ದ್ರವದಲ್ಲಿ ಹದವಾದ ಶಾಖದಲ್ಲಿಟ್ಟರೆ, ತಾವು ಹಸುವಿನ ಮೈಯಲ್ಲಿಯೇ ಇರುವೆವೆಂದು ಭ್ರಮಿಸಿ ಅವು ವೃದ್ಧಿಯಾಗತೊಡಗುವುವು. ಹಾಲೆಂಡಿನ ಮಾರ್ಕ್ ಪೋಸ್ಟ್ ಎಂಬ ವಿಜ್ಞಾನಿ ಹೀಗೆ ಬೆಳೆಸಿದ ಮಾಂಸದ ಬಿಲ್ಲೆಯೊಂದನ್ನು 2013ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಸಾರ್ವಜನಿಕವಾಗಿ ಬೇಯಿಸಿ ತಿನ್ನಿಸಿದರು. ಆ ಒಂದು ಬಿಲ್ಲೆಗೆ ತಗುಲಿದ ವೆಚ್ಚ ಎರಡೂವರೆ ಲಕ್ಷ ಯೂರೋ!

ಈ ಲೇಖಕನು ಜೀವಶಾಸ್ತ್ರಜ್ಞನಲ್ಲ, ಭೌತಶಾಸ್ತ್ರವನ್ನು ಪಾಠ ಹೇಳುವವನು. ಆದಕಾರಣ ಲೆಕ್ಕದ ದಾರಿಯೇ ಅವನಿಗೆ ಸುಲಭ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲು, ಸ್ಥೂಲವಾಗಿ, ಒಂದು ಜೀವಕೋಶದ ತೂಕವೆನ್ನಬಹುದು. ಎಂದಮೇಲೆ ಒಂದು ಕಿಲೋ ಮಾಂಸಕ್ಕೆ ಒಂದು ಲಕ್ಷ ಕೋಟಿ ಕೋಶಗಳು ಬೇಕು. ಹತ್ತು ಬಾರಿ ಇಮ್ಮಡಿಸಿದರೆ ಒಂದು 1,024 ಆಗುವುದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ನಲವತ್ತು ಬಾರಿ ಇಮ್ಮಡಿಸಿದರೆ ಲಕ್ಷ ಕೋಟಿಯನ್ನೂ ಮೀರುವುದು. ದಿನಕ್ಕೊಮ್ಮೆ ಇಮ್ಮಡಿಸುವುದೆಂದಿಟ್ಟುಕೊಂಡರೆ, ಕಣ್ಣಿಗೆ ಕಾಣದ ಒಂದೇ ಒಂದು ಕೋಶದಿಂದ ನಲವತ್ತು ದಿನಗಳಲ್ಲಿ ಒಂದು ಕಿಲೋ! ಚದುರಂಗದ ಮಣೆಯ ಮೇಲೆ ಅಕ್ಕಿಯ ಕಾಳನ್ನು ಬೇಡಿದ ಜಾಣನ ಕಥೆಯೇ ಇದು.

ಆದರೆ ಕೋಶಗಳು ಬರಿಯ ಸಕ್ಕರೆ ಲವಣಗಳಿಂದ ಒಡೆಯಲಾರವು. ‘ಬೆಳೆ’ ಎಂದು ಅವಕ್ಕೆ ಅಪ್ಪಣೆ ಕೊಡುವ ಪ್ರೋಟೀನುಗಳೂ ದ್ರವದಲ್ಲಿರಬೇಕು. ಇವನ್ನು ಬೆಳವಣಿಗೆಯ ಪ್ರೇರಕಗಳೆನ್ನೋಣ. ದಶಕಗಳಿಂದ ಲೋಕದ ಪ್ರಯೋಗಶಾಲೆಗಳು ಇವನ್ನು ಹೆಚ್ಚಾಗಿ ಒಂದು ಮೂಲದಿಂದ ಪಡೆಯುತ್ತ ಬಂದಿವೆ. ಗಬ್ಬದ ಹಸುವನ್ನು ಕಸಾಯಿಖಾನೆಯಲ್ಲಿ ಕಡಿದಾಗ, ಅದರ ಗರ್ಭದಲ್ಲಿರುವ ಕರುವಿನ ಹೃದಯಕ್ಕೆ ಸೂಜಿ ಚುಚ್ಚಿ ರಕ್ತವನ್ನು ತೆಗೆಯುವರು. ಹೆಪ್ಪನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿದ್ರವವೇ ಸೀರಮ್. ಬೆಳೆಯುತ್ತಿರುವ ಶಿಶುವಿನ ರಕ್ತವಾದುದರಿಂದ ಅದರಲ್ಲಿ ಪ್ರೇರಕಗಳು ಹೇರಳ. ಪೋಷಕ ದ್ರವದಲ್ಲಿ ಇದನ್ನು ನೂರಕ್ಕೆ ಹತ್ತರಷ್ಟು ಬೆರೆಸುವುದು ವಾಡಿಕೆ.

ಈಗ ಮತ್ತೆ ಲೆಕ್ಕ. ಒಂದು ಮಿಲಿಲೀಟರು ದ್ರವದಲ್ಲಿ ಒಂದು ಕೋಟಿ ಕೋಶಗಳು ಬೆಳೆದರೆ ಅದೊಂದು ಒಳ್ಳೆಯ ಫಸಲೆನ್ನಬಹುದು. ಒಂದು ಕಿಲೋಗೆ ಬೇಕಾದ ಲಕ್ಷ ಕೋಟಿ ಕೋಶಗಳಿಗೆ 100 ಲೀಟರು ದ್ರವ ಬೇಕಾಯಿತು. ಅದರಲ್ಲಿ ಸೀರಮ್ 10 ಲೀಟರು. ಒಂದು ಗರ್ಭದ ಕರುವಿನಿಂದ ದೊರೆಯುವುದು ಅರ್ಧ ಲೀಟರು, ಅನೇಕ ವೇಳೆ ಅದಕ್ಕಿಂತಲೂ ಕಡಿಮೆ. ಅಂದರೆ ಒಂದು ಕಿಲೋ ‘ಕೊಲೆಯಿಲ್ಲದ’ ಮಾಂಸಕ್ಕೆ ಇಪ್ಪತ್ತು ಕರುಗಳು, ಅವುಗಳ ಇಪ್ಪತ್ತು ತಾಯಂದಿರು! ಹಳೆಯ ಪದ್ಧತಿಯಲ್ಲಿ ಒಂದು ಹಸುವನ್ನು ಕಡಿದರೆ ನೂರಾರು ಕಿಲೋ ಮಾಂಸ ಬರುತ್ತಿತ್ತು. ಕಸಾಯಿಖಾನೆಯು ಕಣ್ಮರೆಯಾಗಲಿಲ್ಲ, ಗೋಡೆಯ ಹಿಂದಕ್ಕೆ ಸರಿಯಿತು, ಅಷ್ಟೆ. ಪೋಸ್ಟ್ ಅವರ ಮೊದಲ ಬಿಲ್ಲೆಯೂ ಸೀರಮಿನಲ್ಲಿಯೇ ಬೆಳೆದುದು. 2020ರ ಡಿಸೆಂಬರಿನಲ್ಲಿ ಸಿಂಗಾಪುರವು ಜಗತ್ತಿನಲ್ಲಿಯೇ ಮೊದಲಬಾರಿಗೆ ಇಂತಹ ಕೋಳಿಮಾಂಸದ ಮಾರಾಟಕ್ಕೆ ಒಪ್ಪಿಗೆ ನೀಡಿದಾಗಲೂ ಅದರ ತಯಾರಿಕೆಯಲ್ಲಿ ಸ್ವಲ್ಪ ಸೀರಮ್ ಬಳಕೆಯಾಗುತ್ತಿತ್ತು. ಸೀರಮ್ ಇಲ್ಲದ ದ್ರವಕ್ಕೆ ಅಲ್ಲಿ ಅನುಮತಿ ದೊರೆತದ್ದು 2023ರ ಜನವರಿಯಲ್ಲಿ.

ಸೀರಮ್ ಇಲ್ಲದೆ ಕೋಶಗಳನ್ನು ಒಲಿಸಿಕೊಳ್ಳುವುದು ಹೇಗೆ? ಇದರ ಉತ್ತರಕ್ಕೆ ಸಿಂಗಾಪುರದವರೆಗೆ ಹೋಗಬೇಕಾಗಿಲ್ಲ; ನಮ್ಮ ಬೆಂಗಳೂರೇ ಸಾಕು. ಮಧುಮೇಹಿಗಳ ಇನ್ಸುಲಿನನ್ನೇ ನೋಡಿ. ಅರವತ್ತು ವರ್ಷಗಳ ಕಾಲ ಅದನ್ನು ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದಲೇ ಹಿಂಡಿ ತೆಗೆಯುತ್ತಿದ್ದರು. ಮನುಷ್ಯನ ಇನ್ಸುಲಿನ್ ವಂಶವಾಹಿಯನ್ನು ಸೂಕ್ಷ್ಮಜೀವಿಯೊಳಗೆ ಸೇರಿಸಿ ಅದರಿಂದಲೇ ಇನ್ಸುಲಿನ್ ತಯಾರಿಸುವ ಉಪಾಯವು 1982ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ಒಂದು ಬಗೆಯ ಯೀಸ್ಟಿನಿಂದ ಇದನ್ನು ತಯಾರಿಸಿ ಮಾರಾಟಕ್ಕೆ ತಂದಿತು. ದೋಸೆಯ ಹಿಟ್ಟನ್ನು ಹುಳಿಯೆಬ್ಬಿಸುವ ಸೂಕ್ಷ್ಮಜೀವಿಗಳ ದೂರದ ನೆಂಟನೊಬ್ಬನು ಹಂದಿಯ ಕೆಲಸವನ್ನು ವಹಿಸಿಕೊಂಡನೆಂದು ಹೇಳಬಹುದು. (1978ರಲ್ಲಿ ಆರಂಭವಾದಾಗ ಇದೇ ಸಂಸ್ಥೆಯು ಬಿಯರನ್ನು ತಿಳಿಗೊಳಿಸಲು ಬಳಸುವ ಐಸಿಂಗ್ಲಾಸ್ ಎಂಬುದನ್ನು ಮೀನಿನ ಗಾಳಿಚೀಲದಿಂದ ತಯಾರಿಸುತ್ತಿದ್ದಿತೆಂಬುದು ಸ್ವಾರಸ್ಯದ ಸಂಗತಿ.) ಇನ್ಸುಲಿನ್ನು ಕೋಶಗಳ ಪೋಷಕ ದ್ರವಕ್ಕೂ ಬೇಕಾದ ವಸ್ತು. ಉಳಿದ ಪ್ರೇರಕಗಳನ್ನೂ ಇದೇ ದಾರಿಯಿಂದ ಪಡೆಯಬಹುದು. ರಿಚ್‌ಕೋರ್ ಎಂಬ ಹೆಸರಿನಿಂದ ಬೆಂಗಳೂರಿನಲ್ಲಿ ಆರಂಭವಾಗಿ ಈಗ ಲಾರಸ್ ಬಯೋ ಎನಿಸಿರುವ ಸಂಸ್ಥೆಯ ಕಸುಬೇ ಪ್ರಾಣಿಮೂಲವಿಲ್ಲದ ಇಂತಹ ಪ್ರೋಟೀನುಗಳ ತಯಾರಿಕೆ. ತೊಟ್ಟಿಯ ಮಾಂಸವು ಕರುವಿನ ರಕ್ತದಿಂದ ಬಿಡುಗಡೆ ಹೊಂದಬೇಕಾದರೆ ಇಂತಹ ಕಾರ್ಖಾನೆಗಳ ಮೂಲಕವೇ ಹೊಂದಬೇಕು.

ಸೀರಮ್ ತೊಲಗಿತೆನ್ನೋಣ. ಆಗಲೂ ಮೊದಲ ಕೋಶದ ಪ್ರಶ್ನೆ ಉಳಿಯುವುದು. ಸೂಜಿಯಿಂದ ಚುಚ್ಚುವುದು ಸಣ್ಣ ನೋವು. ಆದರೆ ಎಷ್ಟು ಬಾರಿ ಚುಚ್ಚಬೇಕು? 1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್ ಎಂಬ ಅಮೆರಿಕದ ವಿಜ್ಞಾನಿಗಳು, ಮನುಷ್ಯನ ಸಾಮಾನ್ಯ ಕೋಶಗಳು ಸುಮಾರು ಐವತ್ತು ಬಾರಿ ಇಮ್ಮಡಿಸಿದ ಮೇಲೆ ಮುಪ್ಪಡರಿ ನಿಂತುಬಿಡುವುದನ್ನು ತೋರಿಸಿಕೊಟ್ಟರು. ಸ್ನಾಯುವಿನ ಕೋಶಗಳಾದರೋ ಅದಕ್ಕೆ ಬಹಳ ಮೊದಲೇ ಸ್ನಾಯುವಾಗುವ ಶಕ್ತಿಯನ್ನು ಕಳೆದುಕೊಳ್ಳತೊಡಗುವುವು. ಒಂದು ಚುಚ್ಚಿಗೆ ಒಂದು ಲಕ್ಷ ಒಳ್ಳೆಯ ಕೋಶಗಳು ಸಿಕ್ಕುವುವೆಂದು ಭಾವಿಸೋಣ. ಅವು ಇಪ್ಪತ್ತು ಬಾರಿ ಇಮ್ಮಡಿಸಿ ನಿಂತರೆ ಒಟ್ಟು ಫಸಲು 100 ಗ್ರಾಮು, ಒಬ್ಬರ ಒಂದು ಹೊತ್ತಿನ ಊಟ. ನಲವತ್ತು ಬಾರಿ ಇಮ್ಮಡಿಸಿದರೆ 100 ಟನ್ನು! ಇಪ್ಪತ್ತಕ್ಕೂ ನಲವತ್ತಕ್ಕೂ ಕೇವಲ ಎರಡರಷ್ಟು ವ್ಯತ್ಯಾಸವೆಂದು ಭಾವಿಸುವವರು ಗುಣೋತ್ತರ ಶ್ರೇಢಿಯ ಪಾಠವನ್ನು ಮತ್ತೊಮ್ಮೆ ಓದಬೇಕು. ಮೊದಲನೆಯದಾದರೆ ಊಟಕ್ಕೊಂದು ಚುಚ್ಚು. ಅದಕ್ಕಾಗಿಯೇ ಹಟ್ಟಿತುಂಬ ದನಗಳನ್ನು ಸಾಕಬೇಕು. ಎರಡನೆಯದಾದರೆ ಒಂದು ಬಡಾವಣೆಗೆ ಒಂದೇ ಹಸು ಸಾಕು. ಇನ್ನೂ ಒಂದು ಮಾರ್ಗವುಂಟು: ಮುಪ್ಪಿಲ್ಲದೆ ಒಡೆಯುತ್ತಲೇ ಇರುವ ಅಮರ ಕೋಶಗಳ ಸಂತತಿ. 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕೋಳಿಮಾಂಸವು ಇಂತಹ ಸಂತತಿಯಿಂದ ಬೆಳೆದುದು. ಅಂತಹ ಸಂತತಿಯು ಒಮ್ಮೆ ಕೈಸೇರಿದರೆ ಹೊಸದಾಗಿ ಯಾವ ಕೋಳಿಯನ್ನೂ ಮುಟ್ಟಬೇಕಾಗಿಲ್ಲ.

ಆಮ್ಲಜನಕವು ಕೋಶದಿಂದ ಕೋಶಕ್ಕೆ ತಾನಾಗಿ ಹರಡಬಲ್ಲ ದೂರ ಒಂದು ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲು ಮಾತ್ರ. ರಕ್ತನಾಳಗಳಿಲ್ಲದ ದಪ್ಪ ತುಂಡಿನ ಒಳಭಾಗವು ಉಸಿರುಕಟ್ಟಿ ಸಾಯುವುದು. ತೊಟ್ಟಿಯಿಂದ ಖೀಮಾ ಬರುವುದು ಸುಲಭ, ತೊಡೆಯ ತುಂಡು ಕಷ್ಟವೆಂಬುದಕ್ಕೆ ಇದೇ ಕಾರಣ. ತುಂಡಿಗಾಗಿ ಕೋಶಗಳಿಗೊಂದು ಚೌಕಟ್ಟನ್ನು ಒದಗಿಸಬೇಕು. ಅದು ಮೂಳೆ ಚರ್ಮಗಳಿಂದ ತೆಗೆದ ಜಿಲಟಿನ್ನಿನದೋ ಸೋಯದ ನಾರಿನದೋ ಎಂಬುದನ್ನೂ ವೀಗನ್ನನು ವಿಚಾರಿಸದೆ ಬಿಡಲಾರನು.

ಈಗ ಅಂಗಡಿಯ ಪೊಟ್ಟಣದ ಗುರುತಿಗೆ ಬರೋಣ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2022ರ ವೀಗನ್ ಆಹಾರ ನಿಯಮಗಳು, ಪದಾರ್ಥದಲ್ಲಿಯಾಗಲಿ ಅದರ ತಯಾರಿಕೆಯ ಯಾವುದೇ ಹಂತದಲ್ಲಿಯಾಗಲಿ ಪ್ರಾಣಿಮೂಲದ ವಸ್ತುವು ಬಳಕೆಯಾಗಕೂಡದೆಂದು ವಿಧಿಸುತ್ತವೆ. ಇದರಂತೆ ತೊಟ್ಟಿಯ ಮಾಂಸವು ವೀಗನ್ ಅಲ್ಲ. ಸೀರಮ್ ಇಲ್ಲದಿದ್ದರೂ ಅಲ್ಲ, ಕೋಶವು ಅಮರವಾಗಿದ್ದರೂ ಅಲ್ಲ. ಏಕೆಂದರೆ ಮೊದಲ ಕೋಶವು ಪ್ರಾಣಿಯದು. ವಾಟ್ಸನ್ ಕಟ್ಟಿದ ಸಂಘದ ವ್ಯಾಖ್ಯೆಯು ಇಷ್ಟು ಬಿಗಿಯಾಗಿಲ್ಲ. ಸಾಧ್ಯವಾದಷ್ಟು, ಕಾರ್ಯತಃ ಆಗುವಷ್ಟು ಪ್ರಾಣಿಗಳ ಶೋಷಣೆಯನ್ನೂ ಅವುಗಳ ಮೇಲಿನ ಕ್ರೌರ್ಯವನ್ನೂ ತೊರೆಯುವುದೇ ಅದರ ತಿರುಳು.

ಇಲ್ಲಿ ಕನ್ನಡಿಗರಿಗೆ ಒಂದು ಹಳೆಯ ಕಥೆ ನೆನಪಾಗದಿರದು. ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ವಿದ್ಯಾರ್ಥಿಗಳು ಬಲ್ಲರಷ್ಟೆ. ತಾಯಿಯು ದೇವಿಗೆ ಬಲಿ ಕೊಡಬೇಕೆಂದು ಹಟ ಹಿಡಿದಾಗ, ಹಿಂಸೆಗೆ ಅಂಜಿದ ಯಶೋಧರನು ಹಿಟ್ಟಿನ ಕೋಳಿಯೊಂದನ್ನು ಕಡಿಯುವನು. ಜೀವಹಾನಿಯಿಲ್ಲ, ಆದರೂ ಕೊಲ್ಲುವ ಸಂಕಲ್ಪದ ಪಾಪದಿಂದ ತಾಯಿಯೂ ಮಗನೂ ಪ್ರಾಣಿಜನ್ಮಗಳಲ್ಲಿ ಬಳಲುವರು. ಆ ಕೋಳಿಯಲ್ಲಿ ಪ್ರಾಣಿಯ ಅಂಶವೇ ಇರಲಿಲ್ಲ, ಕೊಲ್ಲುವ ಸಂಕಲ್ಪವಿದ್ದಿತು. ತೊಟ್ಟಿಯ ಕೋಳಿಯಲ್ಲಾದರೋ ಪ್ರಾಣಿಯ ಅಂಶವೇ ಎಲ್ಲವೂ, ಕೊಲ್ಲಬಾರದೆಂಬುದೇ ಸಂಕಲ್ಪ. ‘ವಿ’ ಗುರುತನ್ನು ಮೊದಲನೆಯದಕ್ಕೆ ಕೊಡಬಹುದು, ಎರಡನೆಯದಕ್ಕೆ ಕೊಡಲಾಗದು. ಜನ್ನನಾದರೆ ಎರಡನೆಯದನ್ನೇ ಹೆಚ್ಚು ಕ್ಷಮಿಸುತ್ತಿದ್ದನೇನೋ! ಮಾಂಸದ ರುಚಿಯನ್ನು ಬಯಸುವುದೇ ಪ್ರಾಣಿಯನ್ನು ಆಹಾರವೆಂದು ಕಾಣುವ ಸಂಕಲ್ಪವಲ್ಲವೆ ಎಂದು ಕೇಳುವ ವೀಗನ್ನರೂ ಉಂಟು. ಅವರ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು.

ನನ್ನ ಮತವನ್ನು ಹೇಳಬೇಕಾದರೆ, ಈ ಮಾಂಸವನ್ನು ವೀಗನ್ನನ ತಟ್ಟೆಗೆ ಒಗ್ಗಿಸಲು ತರ್ಕವನ್ನು ತಿರುಚುವ ಅಗತ್ಯವಿಲ್ಲ. ಕಾಳು, ಕಡಲೆ, ಸೋಯಗಳಿಂದ ಬದುಕುವವನಿಗೆ ಅದು ಬೇಕಾಗಿಯೂ ಇಲ್ಲ. ಅದು ಒದಗಬೇಕಾದುದು ಭಾನುವಾರ ವಿಜಯನಗರದ ಮಿಲಿಟರಿ ಹೋಟೆಲಿನ ಮುಂದೆ ಸಾಲುಗಟ್ಟಿ ನಿಲ್ಲುವವರಿಗೆ. ಅಲ್ಲಿ ಬೇಯುವ ಖೀಮಾ ಸೀರಮ್ ಇಲ್ಲದ ತೊಟ್ಟಿಯಿಂದ ಬಂದಿತಾದರೆ ಉಳಿಯುವ ಕುರಿಕೋಳಿಗಳ ಸಂಖ್ಯೆ ಅಲ್ಪವಲ್ಲ. ತಾನು ತಿನ್ನದಿದ್ದರೂ ಅದನ್ನು ವಿರೋಧಿಸಲು ವೀಗನ್ನನಿಗೆ ಕಾರಣವಿಲ್ಲ. ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರವೂ ರಾಷ್ಟ್ರೀಯ ಮಾಂಸ ಸಂಶೋಧನ ಕೇಂದ್ರವೂ ಕೂಡಿ 2019ರಲ್ಲಿ ಸರ್ಕಾರದ ನೆರವಿನಿಂದ ಈ ಕೆಲಸಕ್ಕೆ ಕೈಹಾಕಿದುವು. ಆದರೆ ನಮ್ಮ ಅಂಗಡಿಗಳಿಗೆ ಇಂತಹ ಮಾಂಸವು ಇನ್ನೂ ಬಂದಿಲ್ಲ.

ಬಸವೇಶ್ವರನಗರದ ಸಸ್ಯಾಹಾರಿ ಮನೆಗಳಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಹಾಲಿನದು. ಬೆಂಗಳೂರಿನ ಫಿಕ್ಸ್ 44 ಎಂಬ ಸಂಸ್ಥೆಯು ಹಾಲಿನ ಪ್ರೋಟೀನುಗಳನ್ನು ಸೂಕ್ಷ್ಮಜೀವಿಗಳಿಂದ ತಯಾರಿಸಲು ಶ್ರಮಿಸುತ್ತಿದೆ. ಇಲ್ಲಿ ಹಸುವಿನ ಒಂದು ಕೋಶವೂ ಬೇಡ. ವಂಶವಾಹಿಯ ಅಕ್ಷರಮಾಲೆ ಗೊತ್ತಿದ್ದರೆ ಅದನ್ನು ರಾಸಾಯನಿಕವಾಗಿಯೇ ಪೋಣಿಸಿ ಸೂಕ್ಷ್ಮಜೀವಿಗೆ ಕೊಡಬಹುದು. ಹಾಲು ಒಗ್ಗದೆ ಮೈಯಲ್ಲಿ ದದ್ದೇಳುವವರು ಮಾತ್ರ ಇದನ್ನು ಹಾಲೆಂದೇ ಎಣಿಸಿ ದೂರವಿಡಬೇಕು. ಪ್ರೋಟೀನು ಹಸುವಿನಿಂದ ಬಂದಿತೋ ತೊಟ್ಟಿಯಿಂದ ಬಂದಿತೋ ಎಂಬ ಭೇದವು ಅವರ ರಕ್ತಕ್ಕೆ ತಿಳಿಯದು.